ಕಿರುನೌಕೆಯ ಬೆಲೆ

ಯೂರೋಪು ಅಮೆರಿಕಗಳ ನಗರಗಳಲ್ಲಿ, ಹವ್ಯಾಸದ ಸಾಮಗ್ರಿಗಳನ್ನು ಮಾರುವ ಅಂಗಡಿಯ ಗಾಜಿನ ಹಿಂದೆ ಮೂರು ಕೂವೆಮರಗಳನ್ನೆತ್ತಿ ನಿಂತ ಮರದ ಹಡಗೊಂದನ್ನೂ, ಅದರ ಪಕ್ಕದಲ್ಲಿ ಅದೇ ಹಡಗನ್ನು ಮನೆಯಲ್ಲಿ ಕಟ್ಟಿಕೊಳ್ಳುವವರಿಗೆಂದು ಇಟ್ಟಿರುವ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನೂ ಕಂಡವನಿಗೆ ಮೊದಲು ಆಗುವುದು ಆನಂದವಾದರೆ, ಪೆಟ್ಟಿಗೆಯ ಮೇಲಿನ ಬೆಲೆಯ ಚೀಟಿಯನ್ನು ಓದಿದಾಗ ಆಗುವುದು ಆಶ್ಚರ್ಯ. ಪೆಟ್ಟಿಗೆಯೊಳಗೆ ಇರುವುದಾದರೂ ಏನು? ಬೆರಳಿನ ಅಗಲವನ್ನೂ ಮುಟ್ಟದ ತೆಳುವಾದ ಮರದ ಪಟ್ಟಿಗಳ ಕಂತೆ, ನಾಲ್ಕಾರು ಗಾತ್ರದ ದಾರದ ಉಂಡೆಗಳು, ಹಿತ್ತಾಳೆಯ ಫಿರಂಗಿಗಳು, ಪುಟ್ಟ ಲಂಗರುಗಳು, ಮಡಿಸಿಟ್ಟ ನಕ್ಷೆಯ ಹಾಳೆಗಳು. ಒಂಟಿ ಹಾಯಿಯ ಸಣ್ಣ ದೋಣಿಯಾದರೆ ಹತ್ತಾರು ಡಾಲರುಗಳಲ್ಲಿ ಮುಗಿಯುವ ಈ ಪೆಟ್ಟಿಗೆ, ಮೂರು ಅಂತಸ್ತಿನ ಯುದ್ಧನೌಕೆಯದಾದರೆ ಹಲವು ನೂರು ಡಾಲರುಗಳನ್ನು ದಾಟಿ, ಕೆಲವೊಮ್ಮೆ ಸಾವಿರವನ್ನೂ ಮೀರುತ್ತದೆ. ಮರವನ್ನು ತೂಗಿ ಬೆಲೆ ಕಟ್ಟುವ ದೃಷ್ಟಿಯಿಂದ ನೋಡಿದರೆ ಇದು ಅನ್ಯಾಯವೆಂದೇ ತೋರಬೇಕು.

ಆದರೆ ಈ ಪದಾರ್ಥದ ನ್ಯಾಯಾನ್ಯಾಯವನ್ನು ತಕ್ಕಡಿಯಿಂದ ನಿರ್ಣಯಿಸಲಾಗದು. ಅದಕ್ಕೆ ಚರಿತ್ರೆಯ ಸಾಕ್ಷ್ಯ ಬೇಕು. ಮನುಷ್ಯನು ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಚಿಕ್ಕ ಹಡಗುಗಳನ್ನು ಮಾಡುತ್ತ ಬಂದಿದ್ದಾನೆ. ಒಂದು ಕಾಲದಲ್ಲಿ ಶ್ರದ್ಧೆಯು ಅದರ ಬೆಲೆಯನ್ನು ತೆತ್ತಿತು. ಇನ್ನೊಂದು ಕಾಲದಲ್ಲಿ ರಾಜ್ಯದ ಬೊಕ್ಕಸವು ತೆತ್ತಿತು. ಮತ್ತೊಂದು ಕಾಲದಲ್ಲಿ ಸೆರೆಯಾಳಿನ ವಿವಶತೆಯು ತೆತ್ತಿತು. ನಮ್ಮ ಕಾಲದಲ್ಲಿ ಹವ್ಯಾಸಿಯು ತಾನೇ ತೆರುತ್ತಿದ್ದಾನೆ. ಈ ಪರಂಪರೆಯನ್ನು ಆದ್ಯಂತವಾಗಿ ಅವಲೋಕಿಸಿದವರಿಗೆ ಒಂದು ವಿಷಯವು ಸ್ಪಷ್ಟವಾಗದೆ ಇರದು: ಕಿರುನೌಕೆಯ ಬೆಲೆ ಎಂದಿಗೂ ಮರದ ಬೆಲೆಯಾಗಿರಲಿಲ್ಲ, ಅದು ಮನುಷ್ಯನ ಹೊತ್ತಿನ ಬೆಲೆ. ಯಾರ ಹೊತ್ತು, ಯಾವ ಕಾರಣದಿಂದ, ಎಷ್ಟರಮಟ್ಟಿಗೆ ವ್ಯಯವಾಯಿತೆಂಬುದೇ ಇದರ ನಿಜವಾದ ಲೆಕ್ಕಪತ್ರ.

ಈಜಿಪ್ಟಿನ ಥೀಬ್ಸ್ ಪ್ರದೇಶದ ಬೆಟ್ಟಸಾಲಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಪರವಾಗಿ ಉತ್ಖನನ ನಡೆಸುತ್ತಿದ್ದ ಹರ್ಬರ್ಟ್ ವಿನ್‌ಲಾಕ್ ಎಂಬ ವಿದ್ವಾಂಸನು, 1920ರಲ್ಲಿ, ಮೆಕೆಟ್ರೆ ಎಂಬ ರಾಜಾಧಿಕಾರಿಯ ಸಮಾಧಿಯ ಗುಪ್ತಕೋಷ್ಠವೊಂದರಲ್ಲಿ ಸುಮಾರು ನಾಲ್ಕು ಸಹಸ್ರ ವರ್ಷಗಳಿಂದ ಬೆಳಕು ಕಾಣದೆ ಉಳಿದಿದ್ದ ಮರದ ಮಾದರಿಗಳ ಸಮೂಹವನ್ನು ಕಂಡನು. ಕಣಜ, ದನದ ಕೊಟ್ಟಿಗೆ, ನೆಯ್ಗೆಯ ಮನೆ ಮುಂತಾದವು ಅಲ್ಲಿದ್ದುವಾದರೂ ಅರ್ಧದಷ್ಟು ಮಾದರಿಗಳು ದೋಣಿಗಳೇ ಆಗಿದ್ದುವು: ಯಜಮಾನನು ಕುಳಿತು ಪಯಣಿಸುವ ದೋಣಿ, ಅದರ ಹಿಂದೆ ಅಡುಗೆಯನ್ನು ಸಿದ್ಧಪಡಿಸುತ್ತ ಬರುವ ದೋಣಿ, ಬಲೆ ಬೀಸುವ ದೋಣಿ, ಒಂದೊಂದರಲ್ಲಿಯೂ ಅಂಬಿಗರ ಪುಟ್ಟ ಆಕೃತಿಗಳು. ಇವು ಇಂದು ಕೈರೋ ಮತ್ತು ನ್ಯೂಯಾರ್ಕ್ ನಗರಗಳ ಸಂಗ್ರಹಾಲಯಗಳಲ್ಲಿ ಹಂಚಿಹೋಗಿವೆ. ಇವನ್ನು ಕೆತ್ತಿದ ಬಡಗಿಗೆ ಏನು ಕೂಲಿ ದೊರೆಯಿತೋ ಇರಲಿ, ಮಾಡಿಸಿದವನ ಮನಸ್ಸಿನಲ್ಲಿ ಮಾತ್ರ ಇವು ಪರಲೋಕದ ನದಿಯಲ್ಲಿ ಯಥಾರ್ಥವಾಗಿ ತೇಲಬೇಕಾದ ನೌಕೆಗಳು. ಅಂಥ ವಸ್ತುವಿಗೆ ಪೇಟೆಯ ಧಾರಣೆಯೆಂಬುದು ಇರಲಾರದು.

ಮಧ್ಯಯುಗದ ಯೂರೋಪಿನಲ್ಲಿ ಇದೇ ಭಾವವು ಹರಕೆಯ ರೂಪವನ್ನು ತಾಳಿತು. ಬಿರುಗಾಳಿಯಿಂದ ಪಾರಾಗಿ ಬಂದ ನಾವಿಕರು ತಮ್ಮೂರಿನ ಚರ್ಚಿಗೆ ಹಡಗಿನ ಮಾದರಿಯೊಂದನ್ನು ಅರ್ಪಿಸಿ, ಅದನ್ನು ಮಾಡಿನಿಂದ ತೂಗುಹಾಕುವ ಪದ್ಧತಿ ಕರಾವಳಿಯ ಹಲವು ನಾಡುಗಳಲ್ಲಿ ಇತ್ತು. ಸ್ಪೇನಿನ ಕತಲೋನಿಯ ಪ್ರಾಂತದ ಮತಾರೊ ಎಂಬ ಊರಿನಿಂದ ಬಂದು ಈಗ ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿರುವ ಹದಿನೈದನೆಯ ಶತಮಾನದ ಹರಕೆಯ ಹಡಗು ಇಂಥವುಗಳಲ್ಲಿ ಸುಪ್ರಸಿದ್ಧವಾದುದು. ಕೊಲಂಬಸನ ಕಾಲದ ಹಡಗುಗಳ ನಕ್ಷೆಗಳು ನಮಗೆ ಉಳಿದುಬಂದಿಲ್ಲವಾದ ಕಾರಣ, ಅಂದಿನ ನೌಕಾನಿರ್ಮಾಣವನ್ನು ಅರಿಯಬಯಸುವ ವಿದ್ವಾಂಸರು ಈ ಕಿರುಹಡಗಿನ ಪಕ್ಕೆಲುಬುಗಳನ್ನೂ ಹಲಗೆಯ ಜೋಡಣೆಯನ್ನೂ ಪ್ರಮಾಣವಾಗಿ ಪರಿಶೀಲಿಸುತ್ತಾರೆ. ಭಕ್ತಿಯಿಂದ ಮಾಡಿದ ವಸ್ತುವು ಶಾಸ್ತ್ರಕ್ಕೆ ಆಧಾರವಾಗಿ ಪರಿಣಮಿಸಿದುದು ಕಿರುನೌಕೆಯ ಚರಿತ್ರೆಯಲ್ಲಿ ಆಕಸ್ಮಿಕವಲ್ಲ. ಮನಸ್ಸಿಟ್ಟು ಮಾಡಿದ ಮಾದರಿಯು ಮಾಡಿದವನ ಅರಿವನ್ನು ತನ್ನೊಳಗೆ ಉಳಿಸಿಕೊಳ್ಳುತ್ತದೆ.

ಅರಿವಿಗಾಗಿಯೇ ಮಾದರಿಯನ್ನು ಮಾಡಿಸುವ ಯುಗವು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಆರಂಭವಾಯಿತು. ರಾಜನ ನೌಕಾಬಲದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ನೇವಿ ಬೋರ್ಡ್ ಎಂಬ ಮಂಡಲಿಯ ಹೆಸರಿನಿಂದ ಇಂದಿಗೂ ಪ್ರಸಿದ್ಧವಾಗಿರುವ ಆ ಮಾದರಿಗಳು, ಸುಮಾರು 1650ರಿಂದ ಒಂದು ಶತಮಾನದ ಕಾಲ, ಹಡಗುಕಟ್ಟೆಗಳ ನುರಿತ ಕೆಲಸಗಾರರ ಕೈಯಿಂದ ಹೊರಬಂದುವು. ನಿಜವಾದ ಹಡಗಿನ ಒಂದು ಅಡಿಯು ಮಾದರಿಯಲ್ಲಿ ಕಾಲು ಅಂಗುಲ, ಎಂದರೆ 48ರಲ್ಲಿ ಒಂದು ಪಾಲು, ಎಂಬುದು ಅವುಗಳ ಸಾಮಾನ್ಯ ಪ್ರಮಾಣ. ನೀರಿನೊಳಗೆ ಮುಳುಗುವ ಕೆಳಭಾಗಕ್ಕೆ ಹಲಗೆ ಹೊದಿಸದೆ ಒಳಗಿನ ಪಕ್ಕೆಲುಬುಗಳೆಲ್ಲ ಕಣ್ಣಿಗೆ ಕಾಣುವಂತೆ ಬಿಡುವುದು ಅವುಗಳ ವಿಶಿಷ್ಟ ಲಕ್ಷಣ. ಎಳೆ ಕಾಣದಷ್ಟು ನಯವಾದ ಬಾಕ್ಸ್‌ವುಡ್ ಮತ್ತು ಪೇರ್ ಮರಗಳನ್ನು ಆಯ್ದು, ಸಿಂಹಮುಖಗಳನ್ನೂ ಲತಾಪಟ್ಟಿಕೆಗಳನ್ನೂ ಅಕ್ಕಿಕಾಳಿನ ಗಾತ್ರದಲ್ಲಿ ಕೆತ್ತಿ, ಚಿನ್ನದ ರೇಕು ಹೊದಿಸಿದ ಈ ಕೃತಿಗಳನ್ನು ನೋಡಿದವರು ಅವನ್ನು ಕೇವಲ ಕಚೇರಿಯ ಉಪಕರಣವೆಂದು ಹೇಳಲಾರರು. ಕಟ್ಟಬೇಕಾದ ಹಡಗನ್ನು ಮೇಲಧಿಕಾರಿಗಳಿಗೆ ಮನಗಾಣಿಸುವುದಕ್ಕಾಗಿ ಕೆಲವನ್ನೂ, ಕಟ್ಟಿಯಾದ ಹಡಗಿನ ಸ್ಮಾರಕವಾಗಿ ರಾಜನಿಗೋ ಮಂತ್ರಿಗೋ ಒಪ್ಪಿಸುವುದಕ್ಕಾಗಿ ಇನ್ನು ಕೆಲವನ್ನೂ ಮಾಡಿದರೆಂದು ತಿಳಿಯಬಹುದಾಗಿದೆ.

ಈ ಮಾದರಿಗಳ ಉಪಯೋಗವೇನೆಂಬುದಕ್ಕೆ ಸ್ಯಾಮ್ಯುಯೆಲ್ ಪೀಪ್ಸನ ದಿನಚರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1660ರಲ್ಲಿ ನೇವಿ ಬೋರ್ಡಿನ ಕಾರ್ಯದರ್ಶಿಯಾಗಿ ನೇಮಕಗೊಂಡಾಗ ಅವನಿಗೆ ಹಡಗಿನ ವಿಷಯ ಏನೂ ತಿಳಿದಿರಲಿಲ್ಲ. ಎರಡು ವರ್ಷಗಳ ಮೇಲೆ, ಇಪ್ಪತ್ತೊಂಬತ್ತರ ಪ್ರಾಯದ ಆ ಅಧಿಕಾರಿಯು ಕೂಪರ್ ಎಂಬ ನಾವಿಕನನ್ನು ಗುರುವಾಗಿ ಬರಮಾಡಿಕೊಂಡು, ಬೆಳಗಿನ ಜಾವದಲ್ಲಿ ಎದ್ದು, ಮೊದಲು ಮಗ್ಗಿಯನ್ನು ಕಲಿತು, ಬಳಿಕ ಹಡಗಿನ ಮಾದರಿಯೊಂದನ್ನು ಎದುರಿಗಿಟ್ಟುಕೊಂಡು ಅದರ ಅಂಗಾಂಗಗಳ ಹೆಸರುಗಳನ್ನು ಅಭ್ಯಾಸ ಮಾಡಿದನು. ವೂಲಿಚ್ ಹಡಗುಕಟ್ಟೆಯಲ್ಲಿದ್ದ ಆಂಟನಿ ಡೀನ್ ಎಂಬ ನೌಕಾಶಿಲ್ಪಿಯು ಅದೇ ವರ್ಷ ಅವನಿಗೊಂದು ಮಾದರಿಯನ್ನು ಕಳುಹಿಸಿಕೊಟ್ಟನು. ಮರದ ಗುತ್ತಿಗೆದಾರರು ರಾಜ್ಯವನ್ನು ಹೇಗೆ ವಂಚಿಸುತ್ತಿದ್ದಾರೆಂಬುದನ್ನು ಪೀಪ್ಸನು ಕಂಡುಹಿಡಿದುದು, ಹಗ್ಗ, ಹಾಯಿ, ತೊಲೆಗಳ ಖರೀದಿಯಲ್ಲಿ ಅವ್ಯವಸ್ಥೆಯನ್ನು ತಗ್ಗಿಸಿದುದು ಇಂಥ ಅಭ್ಯಾಸದ ಫಲದಿಂದಲೇ. ಹೀಗಾಗಿ ಒಂದು ಮಾದರಿಗೆ ತಗುಲಿದ ವೆಚ್ಚವು ರಾಜ್ಯಕ್ಕೆ ಹಲವು ಪಟ್ಟು ಹಿಂದಿರುಗಿ ಬಂದಿತೆನ್ನಬಹುದು. ಪೀಪ್ಸನು ಮುಂದೆ ಸಂಗ್ರಹಿಸಿದ ಮಾದರಿಗಳನ್ನು ತನ್ನ ಮಿತ್ರನಾದ ವಿಲಿಯಂ ಹ್ಯೂವರನಿಗೆ ಉಯಿಲಿನಲ್ಲಿ ಬಿಟ್ಟುಹೋದನು. ಅವು ನಮ್ಮ ಕಾಲಕ್ಕೆ ಉಳಿಯಲಿಲ್ಲ. ಆದರೆ ಅದೇ ಪದವಿಯಲ್ಲಿ ಮುಂದೆ ಬಂದ ಚಾರ್ಲ್ಸ್ ಸರ್ಜಿಸನ್ ಎಂಬವನ ಸಂಗ್ರಹವು ಇನ್ನೂರು ವರ್ಷಗಳ ಕಾಲ ಅವನ ವಂಶದ ಮನೆಯಲ್ಲಿಯೇ ಉಳಿದು, 1922ರಲ್ಲಿ ಹೆನ್ರಿ ರಾಜರ್ಸ್ ಎಂಬ ಅಮೆರಿಕದ ಧನಿಕನ ಕೈಸೇರಿ, 1935ರಲ್ಲಿ ಅವನ ಮರಣಾನಂತರ ಆನಾಪೊಲಿಸಿನ ನೌಕಾಶಾಲೆಗೆ ಸಂದಿತು. ಫ್ರಾನ್ಸಿನಲ್ಲಿಯೂ ದ್ಯುಹಾಮೆಲ್ ದ್ಯು ಮೊಂಸೋ ಎಂಬ ಶಾಸ್ತ್ರಜ್ಞನು ತನ್ನ ಮಾದರಿಗಳನ್ನು 1748ರಲ್ಲಿ ಹದಿನೈದನೆಯ ಲೂಯಿಗೆ ಒಪ್ಪಿಸಿ, ಇಂದಿನ ಪ್ಯಾರಿಸಿನ ನೌಕಾಸಂಗ್ರಹಾಲಯಕ್ಕೆ ಬೀಜ ಬಿತ್ತಿದನು.

ರಾಜ್ಯದ ಬೊಕ್ಕಸದ ಮುಂದೆ ಈ ಮಾದರಿಗಳ ವೆಚ್ಚ ಅತ್ಯಲ್ಪವಾದುದು. ಚಾಥಮಿನಲ್ಲಿ 1765ರಲ್ಲಿ ನೀರಿಗಿಳಿದ ವಿಕ್ಟರಿ ಎಂಬ ಯುದ್ಧನೌಕೆಗೆ ಸುಮಾರು 6,000 ಮರಗಳೂ 63,176 ಪೌಂಡುಗಳೂ ವ್ಯಯವಾದುವೆಂದು ಲೆಕ್ಕವಿದೆ. ಅಂಥದೊಂದು ಹಡಗಿನ ಆಕಾರದಲ್ಲಿ ದೋಷವಿದ್ದರೆ ಅದು ಸಮುದ್ರದಲ್ಲಿ ತೋರಿ ಬರುವ ಮೊದಲೇ ಮೇಜಿನ ಮೇಲೆ ತೋರಿ ಬರಲಿ ಎಂಬ ವಿವೇಕಕ್ಕೆ ಯಾವ ಬೆಲೆಯೂ ಹೆಚ್ಚಲ್ಲ. ಇಲ್ಲಿ ಶಿಲ್ಪಿಯ ಹೊತ್ತಿಗೆ ಸಂಬಳವಿತ್ತು; ಗೌರವವೂ ಇತ್ತು.

ಇದಕ್ಕೆ ನೇರವಾದ ವಿರೋಧದಲ್ಲಿ ನಿಲ್ಲುವ ಅಧ್ಯಾಯವು ಸೆರೆಮನೆಯದು. ಫ್ರಾನ್ಸಿನೊಂದಿಗೆ ನಡೆದ ದೀರ್ಘಯುದ್ಧದ ಕಾಲದಲ್ಲಿ ಸೆರೆಸಿಕ್ಕವರನ್ನು ಇರಿಸುವುದಕ್ಕೆಂದು ಇಂಗ್ಲೆಂಡಿನ ಪೀಟರ್‌ಬರೊ ಪಟ್ಟಣದ ಸಮೀಪದ ನಾರ್ಮನ್ ಕ್ರಾಸ್ ಎಂಬಲ್ಲಿ ಮರದ ದೊಡ್ಡ ಶಿಬಿರವೊಂದನ್ನು ಅವಸರದಿಂದ ಕಟ್ಟಿ, 1797ರಲ್ಲಿ ತೆರೆದರು. ಯುದ್ಧಕೈದಿಗಳಿಗೆಂದೇ ನಿರ್ಮಿಸಿದ ಪ್ರಥಮ ಶಿಬಿರಗಳಲ್ಲೊಂದೆಂದು ಅದು ಪ್ರಸಿದ್ಧ. 1814ರಲ್ಲಿ ಮುಚ್ಚುವವರೆಗೆ ಅಲ್ಲಿ ಒಮ್ಮೊಮ್ಮೆ ಆರೇಳು ಸಾವಿರ ಮಂದಿ ವಾಸಿಸುತ್ತಿದ್ದರು. ಅವರಲ್ಲಿ ನಾವಿಕರು, ಬಡಗಿಗಳು, ಅಕ್ಕಸಾಲೆಗಳು, ದಂತದ ಕೆತ್ತನೆಯವರು ಮೊದಲಾಗಿ ನಾನಾ ವೃತ್ತಿಗಳವರಿದ್ದರು. ಬಿಡುಗಡೆಯ ದಿನವು ತಿಳಿಯದು, ಮಾಡಲು ಕೆಲಸವಿಲ್ಲ, ಊಟವು ಅರೆಹೊಟ್ಟೆಯದು. ಈ ಸ್ಥಿತಿಯಲ್ಲಿ ಅವರಿಗೆ ಧಾರಾಳವಾಗಿ ದೊರೆಯುತ್ತಿದ್ದ ಪದಾರ್ಥಗಳು ಎರಡೇ: ಸಾರಿಗೆ ಹಾಕಿದ ಮಾಂಸದಿಂದ ಉಳಿದ ಮೂಳೆ ಮತ್ತು ಮುಗಿಯದ ಹೊತ್ತು.

ಈ ಎರಡರಿಂದಲೂ ಅವರು ಹಡಗುಗಳನ್ನು ಕಟ್ಟಿದರು. ಮೂಳೆಯನ್ನು ಬೇಯಿಸಿ, ಸವರಿ, ಹಲಗೆಯಷ್ಟು ತೆಳುವಾಗಿ ಸೀಳಿ, ಮರದ ಒಡಲಿನ ಮೇಲೆ ಹಿತ್ತಾಳೆಯ ಸೂಕ್ಷ್ಮವಾದ ಮೊಳೆಗಳಿಂದ ಒಂದೊಂದಾಗಿ ಕೂಡಿಸುವುದು. ಹಗ್ಗಕ್ಕೆ ಕುದುರೆಯ ಬಾಲದ ಕೂದಲನ್ನೋ ರೇಷ್ಮೆಯ ಎಳೆಯನ್ನೋ ತಮ್ಮ ತಲೆಗೂದಲನ್ನೋ ಹೊಸೆಯುವುದು. ಒಂದು ದಾರವನ್ನೆಳೆದರೆ ಫಿರಂಗಿಗಳೆಲ್ಲ ಒಮ್ಮೆಗೇ ಒಳಸರಿದು ಮತ್ತೆ ಹೊರಬರುವಂತೆ ಯಂತ್ರವನ್ನು ಹೂಡುವುದು: ಇಷ್ಟನ್ನೂ ಅವರು ತಾವೇ ಮಾಡಿಕೊಂಡ ಉಪಕರಣಗಳಿಂದ ಸಾಧಿಸಿದರು. ಶಿಬಿರದ ಬಾಗಿಲಿನಲ್ಲಿ ಸೇರುತ್ತಿದ್ದ ಸಂತೆಯಲ್ಲಿ ಸುತ್ತಮುತ್ತಣ ಊರಿನ ಗೃಹಸ್ಥರು ಇವನ್ನು ಕೊಳ್ಳುತ್ತಿದ್ದರು. ಹುಲ್ಲನ್ನು ಹೆಣೆದು ಟೋಪಿಯ ಪಟ್ಟಿಗಳನ್ನು ಮಾಡುವ ಕೆಲಸವು ಅಲ್ಲಿನ ಬಡವರ ಜೀವನೋಪಾಯಕ್ಕೆ ಅಡ್ಡಿಯಾಗುವುದೆಂಬ ಕಾರಣದಿಂದ ಕೈದಿಗಳಿಗೆ ನಿಷಿದ್ಧವಾಗಿತ್ತು. ಹಡಗಿನ ಕೆಲಸಕ್ಕೆ ಯಾರ ತಕರಾರೂ ಇರಲಿಲ್ಲ, ಏಕೆಂದರೆ ಅಷ್ಟು ಹೊತ್ತನ್ನು ಕೂಡಿಸಬಲ್ಲ ಪ್ರತಿಸ್ಪರ್ಧಿ ಹೊರಗಿನ ಲೋಕದಲ್ಲಿ ಇರಲಿಲ್ಲ.

ಕೈಯಲ್ಲಿ ನಕ್ಷೆಯಿಲ್ಲದೆ ನೆನಪಿನಿಂದ ಕಟ್ಟಿದವಾದುದರಿಂದ ಈ ಮೂಳೆಯ ಹಡಗುಗಳು ಪ್ರಮಾಣಬದ್ಧವಲ್ಲ. ಕೂವೆಗಳು ಎತ್ತರವಾಗಿ, ಒಡಲು ಗಿಡ್ಡವಾಗಿ, ಅಲಂಕಾರ ಅತಿಯಾಗಿ ಕಾಣುವುದುಂಟು. ಕೊಳ್ಳುವವನಿಗೆ ಮೆಚ್ಚಿಕೆಯಾಗಲೆಂದು ಪ್ರಖ್ಯಾತ ನೌಕೆಗಳ ಹೆಸರನ್ನು ಇಡುತ್ತಿದ್ದುದೂ ಉಂಟು. ಆದರೂ ಪೀಟರ್‌ಬರೊ ವಸ್ತುಸಂಗ್ರಹಾಲಯದಲ್ಲಿ ಇವುಗಳ ಮುಂದೆ ನಿಂತವರಿಗೆ ಈ ದೋಷಗಳು ಮೊದಲು ಕಾಣುವುದಿಲ್ಲ. ಅಂದು ಕೈದಿಗೆ ಎರಡು ಹೊತ್ತಿನ ಒಳ್ಳೆಯ ಊಟವನ್ನೋ ಚಳಿಗೊಂದು ಅಂಗಿಯನ್ನೋ ಒದಗಿಸಿದ ವಸ್ತುವು ಇಂದಿನ ಹರಾಜುಗಳಲ್ಲಿ ಸಾವಿರಾರು ಪೌಂಡುಗಳಿಗೆ ಏರುತ್ತದೆ. ಆ ಹಣದಲ್ಲಿ ಒಂದು ಕಾಸೂ ಮಾಡಿದವನಿಗೆ ಸಲ್ಲದು. ಹೊತ್ತಿಗೆ ಬೆಲೆಯೇ ಇಲ್ಲದ ಸ್ಥಳದಲ್ಲಿ ಹುಟ್ಟಿದ ವಸ್ತುವಿಗೆ, ಹೊತ್ತು ಅತ್ಯಂತ ದುಬಾರಿಯಾದ ಕಾಲದಲ್ಲಿ, ಅತ್ಯಧಿಕ ಬೆಲೆ ಬಂದುದು ಆಲೋಚಿಸತಕ್ಕ ಸಂಗತಿ.

ಈ ನಡುವೆ ಅಮೆರಿಕದ ಪೂರ್ವತೀರದ ಹಡಗುಕಟ್ಟೆಗಳಲ್ಲಿ ಅಲಂಕಾರಕ್ಕೆ ಎಡೆಯಿಲ್ಲದ ಇನ್ನೊಂದು ಮಾದರಿ ಬಳಕೆಯಲ್ಲಿತ್ತು. ಹಡಗಿನ ಒಡಲಿನ ಅರ್ಧಭಾಗವನ್ನು, ಒಂದರ ಮೇಲೊಂದು ಜೋಡಿಸಿದ ಹಲಗೆಗಳಲ್ಲಿ ಕೆತ್ತಿ, ಆಕಾರವು ಕಣ್ಣಿಗೂ ಕೈಗೂ ಒಪ್ಪಿದ ಬಳಿಕ ಹಲಗೆಗಳನ್ನು ಬಿಡಿಸಿ, ಒಂದೊಂದರ ಅಂಚನ್ನೂ ಅಳೆದು, ಆ ಅಳತೆಯನ್ನು ದೊಡ್ಡದು ಮಾಡಿ ನಿಜವಾದ ಹಡಗನ್ನು ಕಟ್ಟುತ್ತಿದ್ದರು. ಇದು ನಕ್ಷೆಗಿಂತ ಮುಂಚಿನ ನಕ್ಷೆ. ಕೆಲಸ ಮುಗಿದ ಮೇಲೆ ಗೋಡೆಗೆ ಹೊಡೆದ ಮೊಳೆಯೇ ಇದರ ಸ್ಥಾನ. ಆದರೆ ಮುಂದೆ ಬರಲಿದ್ದ ಹವ್ಯಾಸದ ಪೆಟ್ಟಿಗೆಗಳಲ್ಲಿ ಮೊದಲಿನವು ಹೆಚ್ಚಾಗಿ ಇದೇ ಮಾರ್ಗವನ್ನು ಅನುಸರಿಸಿ, ಇಡಿಯ ಮರದ ತುಂಡಿನಿಂದ ಕೆತ್ತಿದ ಒಡಲನ್ನು ಒಳಗೊಂಡು ಬಂದುವು.

ಹಾಯಿಹಡಗು ಸಮುದ್ರದಿಂದ ಮರೆಯಾದ ಮೇಲೆಯೇ ಅದು ಮನೆಯೊಳಗೆ ಪ್ರವೇಶಿಸಿದುದು. ಉಗಿಯ ನೌಕೆಗಳು ವ್ಯಾಪಾರವನ್ನು ಸಂಪೂರ್ಣವಾಗಿ ವಶಪಡಿಸಿಕೊಂಡು, ಹಾಯಿಯ ಕಾಲದ ನಾವಿಕರು ವೃದ್ಧರಾಗಿ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದ 1920ರ ದಶಕದಲ್ಲಿ, ಅಮೆರಿಕದ ಮಧ್ಯಮವರ್ಗದ ಗೃಹಗಳಲ್ಲಿ ಅಗ್ಗಿಷ್ಟಿಕೆಯ ಮೇಲೆ ಹಡಗಿನ ಮಾದರಿಯೊಂದು ಇರಬೇಕೆಂಬ ಅಭಿರುಚಿ ತಟ್ಟನೆ ಹಬ್ಬಿತು. 1797ರಲ್ಲಿ ಬಾಸ್ಟನ್ನಿನಲ್ಲಿ ನೀರಿಗಿಳಿದಿದ್ದ ಕಾನ್‌ಸ್ಟಿಟ್ಯೂಷನ್ ಎಂಬ ಯುದ್ಧನೌಕೆಯ ಜೀರ್ಣೋದ್ಧಾರಕ್ಕಾಗಿ ಶಾಲೆಯ ಮಕ್ಕಳು ಪುಡಿಗಾಸನ್ನು ಕೂಡಿಸಿಕೊಟ್ಟುದೂ, ದುರಸ್ತಿಯಾದ ಆ ಹಡಗು 1931ರಿಂದ ಮೂರು ವರ್ಷ ದೇಶದ ತೊಂಬತ್ತು ಬಂದರುಗಳನ್ನು ಸುತ್ತಿ ಬಂದುದೂ ಈ ಅಭಿರುಚಿಗೆ ನೀರೆರೆದುವು. ಕೊಳ್ಳಲು ಶಕ್ತರಲ್ಲದವರು ತಾವೇ ಮಾಡಿಕೊಳ್ಳಬಯಸಿದರು. ಅವರಿಗೆ ಗುರುವಾಗಿ ದೊರೆತವರು ಚಾರ್ಲ್ಸ್ ಡೇವಿಸ್ ಮತ್ತು ಕ್ಯಾಪ್ಟನ್ ಆರ್ಮಿಟೇಜ್ ಮೆಕ್ಯಾನ್ ಮೊದಲಾದ ಲೇಖಕರು. ಡೇವಿಸನ ಪುಸ್ತಕ 1925ರಲ್ಲಿಯೂ, ಮೆಕ್ಯಾನನ ಮೊದಲ ಸಂಪುಟ ಮರುವರ್ಷದಲ್ಲಿಯೂ ಪ್ರಕಟವಾದುವು. ಪಾಪ್ಯುಲರ್ ಸೈನ್ಸ್ ಎಂಬ ಮಾಸಪತ್ರಿಕೆಯು ಹಡಗುಗಳ ನಕ್ಷೆಗಳನ್ನು ಹಾಳೆಗೆ 25 ಸೆಂಟಿನಂತೆ ಓದುಗರಿಗೆ ಕಳುಹಿಸುತ್ತಿತ್ತು. ಮರವನ್ನು ಹಳೆಯ ಪೆಟ್ಟಿಗೆಯಿಂದ ಕಿತ್ತುಕೊಳ್ಳಬಹುದು. ದಾರವು ಹೊಲಿಗೆಯ ಡಬ್ಬಿಯಲ್ಲಿಯೇ ಇದೆ. ಉಪಕರಣವು ಚೂರಿ, ಉಳಿ, ಉಜ್ಜುಕಾಗದ. ಹೀಗೆ ಕೆಲವೇ ಸೆಂಟುಗಳ ವೆಚ್ಚದಲ್ಲಿ ಹಡಗನ್ನು ಆರಂಭಿಸಬಹುದಾಗಿದ್ದ ಕಾಲ ಅದು, ವೆಚ್ಚವೆಲ್ಲ ಹೊತ್ತಿನಲ್ಲಿತ್ತು.

ಎಲ್ಲರಿಗೂ ಅಷ್ಟು ಹೊತ್ತಾಗಲಿ ಮರಗೆಲಸದ ಅಭ್ಯಾಸವಾಗಲಿ ಇರಲಿಲ್ಲವೆಂಬ ಅರಿವಿನಿಂದ ಕಿಟ್ಟು ಎಂಬ ಸಿದ್ಧಪೆಟ್ಟಿಗೆ ಜನ್ಮತಾಳಿತು. ಕೆಲಸದ ಯಾವ ಭಾಗವು ಬೇಸರ ತರುವುದೋ, ಯಾವ ಭಾಗಕ್ಕೆ ಯಂತ್ರ ಬೇಕೋ, ಅದನ್ನು ತಯಾರಕನು ತಾನು ಮಾಡಿಕೊಡುವುದು. ಯಾವ ಭಾಗದಲ್ಲಿ ಆನಂದವಿದೆಯೋ ಅದನ್ನು ಕೊಳ್ಳುವವನಿಗೆ ಉಳಿಸುವುದು: ಇದೇ ಕಿಟ್ಟಿನ ಮೂಲತತ್ತ್ವ. ಜಾನ್ ಶೆಡ್ ಮತ್ತು ಸ್ಯಾಮ್ ಮಿಲೋನ್ ಎಂಬಿಬ್ಬರು 1946ರಲ್ಲಿ ನ್ಯೂಜೆರ್ಸಿಯಲ್ಲಿ ಆರಂಭಿಸಿದ ಮಾಡೆಲ್ ಶಿಪ್‌ವೇಸ್ ಎಂಬ ಸಂಸ್ಥೆಯು ಯಂತ್ರದಿಂದ ಸ್ಥೂಲವಾಗಿ ಕೆತ್ತಿದ ಪೈನ್ ಮರದ ಒಡಲನ್ನೂ ಶಾಸ್ತ್ರೀಯವಾದ ನಕ್ಷೆಗಳನ್ನೂ ಒದಗಿಸಿ ಹೆಸರಾಯಿತು. ಡೆನ್ಮಾರ್ಕಿನಲ್ಲಿ 1958ರಲ್ಲಿ ಬಿಲಿಂಗ್ ಬೋಟ್ಸ್ ಹುಟ್ಟಿತು. ಇಟಲಿ ಮತ್ತು ಸ್ಪೇನುಗಳ ತಯಾರಕರು, ಬೆನ್ನುಮೂಳೆಯಂಥ ಒಂದು ಪ್ಲೈವುಡ್ಡಿನ ತುಂಡಿಗೆ ಅಡ್ಡಲಾಗಿ ಹತ್ತಾರು ಪ್ಲೈವುಡ್ಡಿನ ಬಿಲ್ಲೆಗಳನ್ನು ಸಿಕ್ಕಿಸಿ, ಅವುಗಳ ಮೇಲೆ ಒಮ್ಮೆ ಅಗ್ಗದ ಮರದ ಪಟ್ಟಿಗಳನ್ನೂ ಅದರ ಮೇಲೆ ಇನ್ನೊಮ್ಮೆ ಅಕ್ರೋಟು ಮೊದಲಾದ ಬೆಲೆಯುಳ್ಳ ಮರದ ತೆಳುಪಟ್ಟಿಗಳನ್ನೂ ಹೊದಿಸುವ ಕ್ರಮವನ್ನು ಲೋಕಪ್ರಿಯವಾಗಿ ಮಾಡಿದರು. ಮೊದಲ ಹೊದಿಕೆಯಲ್ಲಿ ಹೊಸಬನ ತಪ್ಪುಗಳೆಲ್ಲ ಅಡಗುತ್ತವೆ. ಎರಡನೆಯದರಲ್ಲಿ ಮರದ ಸೌಂದರ್ಯ ಪ್ರಕಟವಾಗುತ್ತದೆ. ದುಬಾರಿಯಾದ ಮರವು ಅತ್ಯಲ್ಪವಾದರೂ ಸಾಲುತ್ತದೆ.

ಇದೇ ಕಾಲದಲ್ಲಿ ಪ್ಲಾಸ್ಟಿಕ್ಕಿನ ಪ್ರತಿಸ್ಪರ್ಧಿಯು ಕಾಣಿಸಿಕೊಂಡಿತು. ಲಂಡನ್ನಿನ ಏರ್‌ಫಿಕ್ಸ್ ಸಂಸ್ಥೆಯು 1952ರಲ್ಲಿ ನಾವಿಕ ಡ್ರೇಕನ ಗೋಲ್ಡನ್ ಹೈಂಡ್ ಹಡಗಿನ ಪುಟ್ಟ ಕಿಟ್ಟನ್ನು ಪಾರದರ್ಶಕವಾದ ಚೀಲದಲ್ಲಿಟ್ಟು, ವುಲ್‌ವರ್ತ್ಸ್ ಅಂಗಡಿಗಳಲ್ಲಿ ಎರಡು ಶಿಲಿಂಗಿಗೆ ಮಾರಿತು. ಉಕ್ಕಿನ ಅಚ್ಚನ್ನು ಕೊರೆಯಲು ಮೊದಲು ಅಪಾರ ಬಂಡವಾಳ ಬೇಕು. ಆ ಬಳಿಕ ಅದೇ ಅಚ್ಚಿನಿಂದ ಲಕ್ಷಗಟ್ಟಲೆ ಹಡಗುಗಳು ಕ್ಷಣಕ್ಕೊಂದರಂತೆ ಬೀಳುತ್ತವೆ. ಮರಕ್ಕೆ ಈ ಅನುಕೂಲವಿಲ್ಲ. ಪ್ರತಿಯೊಂದು ಪಟ್ಟಿಯನ್ನೂ ಗರಗಸದ ಕೆಳಗೆ ತರಬೇಕು, ಗಂಟಿರುವುದನ್ನು ತೆಗೆದುಹಾಕಬೇಕು, ಬಾಗಿದರೆ ಸೀಳುವ ಮರವನ್ನು ಬಿಟ್ಟು ಬಾಗಿದರೆ ಬಳುಕುವ ಮರವನ್ನು ಆಯಬೇಕು, ಗರಗಸದ ಹಲ್ಲಿನ ದಪ್ಪದಷ್ಟು ಮರವು ಪ್ರತಿ ಸೀಳಿಗೂ ಹುಡಿಯಾಗಿ ಹೋಗುವುದನ್ನು ನಷ್ಟವೆಂದು ಒಪ್ಪಿಕೊಳ್ಳಬೇಕು. ಮಾರಾಟವೂ ಲಕ್ಷಗಳಲ್ಲಿ ನಡೆಯದು. ಆದಕಾರಣ ಮಗುವಿನ ಕೈಗಾಸಿಗೆ ಪ್ಲಾಸ್ಟಿಕ್ಕಿನ ಹಡಗೂ ಗೃಹಸ್ಥನ ಉಳಿತಾಯಕ್ಕೆ ಮರದ ಹಡಗೂ ಎಂಬ ವಿಭಾಗವು ಅಂದೇ ಏರ್ಪಟ್ಟಿತು.

ಬೆಲೆಯ ಏರಿಳಿತಕ್ಕೆ ಪ್ರಮಾಣವೂ ಮುಖ್ಯವಾದ ಕಾರಣ. ವಿಕ್ಟರಿ ಹಡಗಿನ ಫಿರಂಗಿಯಟ್ಟದ ಉದ್ದ 186 ಅಡಿ. 96ರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಅದು ಎರಡು ಅಡಿಗೆ ತುಸು ಕಡಿಮೆ. 48ರಲ್ಲಿ ಒಂದು ಪಾಲಿನದರಲ್ಲಿ ನಾಲ್ಕು ಅಡಿಗೆ ತುಸು ಕಡಿಮೆ. ಉದ್ದವು ಎರಡು ಪಟ್ಟಾದರೆ ಹಲಗೆ ಹೊದಿಸಬೇಕಾದ ಮೈ ನಾಲ್ಕು ಪಟ್ಟಾಗುತ್ತದೆ. ಒಡಲಿನ ಗಾತ್ರ ಎಂಟು ಪಟ್ಟಾಗುತ್ತದೆ. ಜೊತೆಗೆ, ಚಿಕ್ಕ ಮಾದರಿಯಲ್ಲಿ ಬಿಟ್ಟರೂ ಸಲ್ಲುವ ರಾಟೆ, ಗಂಟು, ಕೊಂಡಿಗಳನ್ನೆಲ್ಲ ದೊಡ್ಡದರಲ್ಲಿ ತೋರಿಸಲೇಬೇಕಾಗುತ್ತದೆ. ನೂರು ಫಿರಂಗಿಗಳ ಹಡಗಿಗೆ ನೂರು ಎರಕಗಳು, ನೂರು ಬಂಡಿಗಳು, ನಾಲ್ಕು ನೂರು ಚಕ್ರಗಳು. ಬೆಲೆಯು ಹಡಗಿನ ಕೀರ್ತಿಗಿಂತ ಈ ಗುಣಾಕಾರವನ್ನೇ ಹೆಚ್ಚಾಗಿ ಅನುಸರಿಸುತ್ತದೆ.

ಆದರೆ ಕಣ್ಣಿಗೆ ಕಾಣದ ಒಂದು ವೆಚ್ಚವು ಇವೆಲ್ಲಕ್ಕಿಂತಲೂ ದೊಡ್ಡದು. ಅದು ವಿದ್ವತ್ತಿನ ವೆಚ್ಚ. ಹಾಲೆಂಡಿನ, ಫ್ರಾನ್ಸಿನ, ಇಂಗ್ಲೆಂಡಿನ ದಫ್ತರಗಳಲ್ಲಿ ಹಳೆಯ ನಕ್ಷೆಗಳನ್ನು ಹುಡುಕಿ, ಒಂದಕ್ಕೊಂದು ಹೋಲಿಸಿ, ಹಡಗು ಮೊದಲು ನೀರಿಗಿಳಿದಾಗ ಹೇಗಿತ್ತು, ಯಾವ ದುರಸ್ತಿಯಲ್ಲಿ ಏನು ಬದಲಾಯಿತು ಎಂಬುದನ್ನು ನಿರ್ಣಯಿಸಿ, ಪುನಃ ಹವ್ಯಾಸಿಗೆ ಅರ್ಥವಾಗುವಂತೆ ಬರೆಯುವ ಕೆಲಸಕ್ಕೆ ವರ್ಷಗಳು ಹಿಡಿಯುತ್ತವೆ. ಫ್ರಾನ್ಸಿನ ಜಾನ್ ಬುದ್ರಿಯೊ ಎಂಬ ವಿದ್ವಾಂಸನು 1970ರ ದಶಕದಲ್ಲಿ 74 ಫಿರಂಗಿಗಳ ಹಡಗನ್ನು ಕುರಿತು ನಾಲ್ಕು ಸಂಪುಟಗಳನ್ನು ಪ್ರಕಟಿಸಿದನು. ಆ ಬಗೆಯ ಹಡಗಿನಲ್ಲಿ ಅವನು ವಿವರಿಸದೆ ಬಿಟ್ಟ ಅಂಗವನ್ನು ಹುಡುಕಿ ತೆಗೆಯುವುದು ಕಷ್ಟ. ಇಂಥವರ ಪರಿಶ್ರಮವೇ ಉತ್ತಮ ಕಿಟ್ಟುಗಳ ಅಡಿಪಾಯ. ಇತ್ತೀಚಿನ ದಶಕಗಳಲ್ಲಿ, ಒಬ್ಬರು ಕಷ್ಟಪಟ್ಟು ರೂಪಿಸಿದ ಕಿಟ್ಟನ್ನು ಮತ್ತೊಬ್ಬರು ಅನುಮತಿಯಿಲ್ಲದೆ ನಕಲುಮಾಡಿ, ಲೇಸರ್ ಯಂತ್ರದಲ್ಲಿ ಕತ್ತರಿಸಿ, ಅರ್ಧ ಬೆಲೆಗೆ ಮಾರುವ ಅಕ್ರಮವೂ ಬೆಳೆದಿದೆ. ಅಂಥ ಪೆಟ್ಟಿಗೆಯಲ್ಲಿ ಮರದ ಬೆಲೆ ಇದೆ, ಯಂತ್ರದ ಬೆಲೆಯೂ ಇದೆ. ವಿದ್ವಾಂಸನ ಹೊತ್ತಿನ ಬೆಲೆಯನ್ನು ಮಾತ್ರ ಕದಿಯಲಾಗಿದೆ. ಅಗ್ಗವೆಂದು ಅದನ್ನು ಕೊಳ್ಳುವವರು ಮುಂದಿನ ಕಿಟ್ಟು ಹುಟ್ಟದಂತೆ ಮಾಡುತ್ತಿದ್ದಾರೆಂಬುದನ್ನು ಮರೆಯಬಾರದು.

ತಯಾರಕರ ಪಟ್ಟಿಗಳನ್ನು ನೋಡಿದರೆ ವಿಕ್ಟರಿ, ಕಾನ್‌ಸ್ಟಿಟ್ಯೂಷನ್ ಮೊದಲಾದ ಕೆಲವೇ ಹೆಸರುಗಳು ಮತ್ತೆಮತ್ತೆ ಬರುವುದನ್ನು ಕಾಣಬಹುದು; ಹೆಚ್ಚು ಮಂದಿ ಕೇಳುವ ಹಡಗಿನ ಮೇಲೆಯೇ ವಿದ್ವತ್ತಿನ ವೆಚ್ಚವನ್ನು ಹಂಚಿಹಾಕಲು ಸಾಧ್ಯ. ಈ ಸಂದರ್ಭದಲ್ಲಿ ನಮ್ಮ ಕರಾವಳಿಗೆ ಸಂಬಂಧಿಸಿದ ಒಂದು ಚರಿತ್ರೆಯನ್ನು ನೆನೆಯದೆ ಮುಂದುವರಿಯಲಾಗದು. ಇಂಗ್ಲೆಂಡಿನಲ್ಲಿ ಓಕ್ ಮರದ ಅಭಾವ ತೋರಿದಾಗ ಅಲ್ಲಿನ ನೌಕಾಬಲವು ಮುಂಬಯಿಯ ಹಡಗುಕಟ್ಟೆಯತ್ತ ದೃಷ್ಟಿ ಹಾಯಿಸಿತು. 1736ರಲ್ಲಿ ಸೂರತ್ತಿನಿಂದ ಬಂದ ಲವ್‌ಜಿ ನಸರ್ವಾನ್‌ಜಿ ವಾಡಿಯಾನ ಸಂತತಿಯ ಪಾರಸೀಕ ಶಿಲ್ಪಿಗಳು ಅಲ್ಲಿ ಮಲಬಾರು ಮತ್ತು ಕೆನರಾ ಪ್ರಾಂತಗಳ ತೇಗದಿಂದ ಹಡಗುಗಳನ್ನು ಕಟ್ಟುತ್ತಿದ್ದರು. ಆ ತೇಗಕ್ಕಾಗಿ ಈಸ್ಟ್ ಇಂಡಿಯಾ ಕಂಪೆನಿಯ ಸರಕಾರವು 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯಾಧಿಕಾರಿಯಾಗಿ ನೇಮಿಸಿ ಮರದ ಏಕಸ್ವಾಮ್ಯವನ್ನು ಸ್ಥಾಪಿಸಿತು. ತಮ್ಮ ಹಿತ್ತಲಿನ ಅಂಚಿನ ಕಾಡಿನಲ್ಲಿಯೇ ತಮಗೆ ಮರವಿಲ್ಲವೆಂದಾದಾಗ ರೈತರೂ ವರ್ತಕರೂ ಅಸಮಾಧಾನಗೊಂಡರು. ಹಿಂದೊಮ್ಮೆ ಕೆನರಾದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಮದರಾಸಿನ ಗವರ್ನರನಾಗಿ 1823ರಲ್ಲಿ ಆ ವ್ಯವಸ್ಥೆಯನ್ನು ರದ್ದುಗೊಳಿಸಿದನು.

ಮುಂಬಯಿಯಲ್ಲಿ ಕಟ್ಟಬೇಕಾಗಿದ್ದ ಟ್ರಿಂಕೋಮಲಿ ಎಂಬ ಯುದ್ಧನೌಕೆಯ ನಕ್ಷೆಗಳನ್ನು ಹೊತ್ತು 1812ರಲ್ಲಿ ಹೊರಟ ಜಾವಾ ಎಂಬ ಹಡಗು, ಬ್ರೆಜಿಲಿನ ತೀರದಾಚೆ, ಡಿಸೆಂಬರ್ 29ರಂದು, ಮೇಲೆ ಹೇಳಿದ ಅದೇ ಕಾನ್‌ಸ್ಟಿಟ್ಯೂಷನ್ ನೌಕೆಗೆ ಸೋತು ನಾಶವಾಯಿತು. ನಕ್ಷೆಗಳನ್ನು ಎರಡನೆಯ ಬಾರಿ ಕಳುಹಿಸಬೇಕಾಯಿತು. 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿಯು ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ. ಗೆದ್ದ ಕಾನ್‌ಸ್ಟಿಟ್ಯೂಷನ್ನಿನ ಪೆಟ್ಟಿಗೆಯು ಹವ್ಯಾಸದ ಅಂಗಡಿಗಳಲ್ಲೆಲ್ಲ ದೊರೆಯುವಷ್ಟು ಸುಲಭವಾಗಿ ಪಶ್ಚಿಮಘಟ್ಟದ ಮರದಲ್ಲಿ ಪಾರಸೀಕರು ಕಟ್ಟಿದ ಈ ಹಡಗಿನದು ದೊರೆಯದು. ನಮ್ಮ ನಾಡಿನ ಹವ್ಯಾಸಿಗಳಲ್ಲಿ ಸಾಹಸವುಳ್ಳವರು, ಪೆಟ್ಟಿಗೆಗಾಗಿ ಕಾಯದೆ, ನಕ್ಷೆಯನ್ನು ಮಾತ್ರ ತರಿಸಿಕೊಂಡು ತೇಗದ ತುಂಡಿನಿಂದಲೇ ಇದನ್ನು ಕಟ್ಟಿದರೆ ಅದು ಚರಿತ್ರೆಗೆ ಸಲ್ಲಿಸಿದ ಸಮುಚಿತವಾದ ಋಣವಾದೀತು.

ಕಟ್ಟುವ ಹೊತ್ತನ್ನು ತಾವು ವ್ಯಯಿಸಲೊಲ್ಲದವರಿಗೆ ಇತರರ ಹೊತ್ತನ್ನು ಕೊಳ್ಳುವ ದಾರಿಯೂ ಇದೆ. ಮಾರಿಷಸ್ ದ್ವೀಪದಲ್ಲಿ 1960ರ ದಶಕದ ಕೊನೆಯಿಂದೀಚೆಗೆ ಕಿರುನೌಕೆಗಳ ನಿರ್ಮಾಣವು ಒಂದು ಉದ್ಯಮವಾಗಿ ಬೆಳೆದಿದೆ. ಅಲ್ಲಿನ ಕಾರ್ಯಾಗಾರಗಳಲ್ಲಿ ಗಂಡಸರು ಒಡಲನ್ನು ಕಟ್ಟಿದರೆ, ಹಗ್ಗ ಹಾಯಿಗಳ ಸೂಕ್ಷ್ಮವಾದ ಜೋಡಣೆಯನ್ನು ಬಹುಮಟ್ಟಿಗೆ ಹೆಂಗಸರು ನಡೆಸುತ್ತಾರೆ. ಒಂದು ದೊಡ್ಡ ಹಡಗಿಗೆ ನೂರಾರು ಗಂಟೆಗಳು ಬೇಕಾಗುತ್ತವೆ. ಸಿದ್ಧವಾದ ಅಂಥ ಹಡಗು ಕೆಲವೊಮ್ಮೆ ಯೂರೋಪಿನ ದೊಡ್ಡ ಕಿಟ್ಟಿನ ಬೆಲೆಗೆ ಸಮೀಪವಾಗಿ ದೊರೆಯುವುದುಂಟು. ಇದರಿಂದ ಹವ್ಯಾಸಿಗೆ ನಷ್ಟವಾಯಿತೆಂದಾಗಲಿ ಪ್ರವಾಸಿಗೆ ಲಾಭವಾಯಿತೆಂದಾಗಲಿ ಹೇಳುವ ಮೊದಲು, ದ್ವೀಪದ ಆ ಹೆಂಗಸಿನ ಒಂದು ಗಂಟೆಗೆ ಲೋಕವು ಎಷ್ಟು ಕಡಿಮೆ ಬೆಲೆ ಕಟ್ಟಿದೆಯೆಂಬುದನ್ನು ಎಣಿಸಬೇಕು. ಇನ್ನು ವಾರಕ್ಕೊಂದು ಸಂಚಿಕೆಯಂತೆ ನೂರಕ್ಕೂ ಹೆಚ್ಚು ಸಂಚಿಕೆಗಳಲ್ಲಿ ಹಡಗಿನ ಭಾಗಗಳನ್ನು ಹಂಚಿ ಮಾರುವ ಪ್ರಕಾಶಕರ ಪದ್ಧತಿಯಲ್ಲಿ, ಮೊದಲ ಸಂಚಿಕೆಯು ನಾಮಮಾತ್ರದ ಬೆಲೆಗೆ ಬರುತ್ತದೆ. ಕೊನೆಯವರೆಗಿನ ಒಟ್ಟು ಮೊತ್ತವು ಒಮ್ಮೆಗೇ ಕೊಳ್ಳುವ ಉತ್ತಮ ಕಿಟ್ಟನ್ನು ಅನೇಕ ವೇಳೆ ಮೀರುತ್ತದೆ. ಆದರೂ ತಿಂಗಳ ಸಂಬಳದವನಿಗೆ ಕಂತು ಸುಲಭವೆಂಬುದನ್ನು ಅಲ್ಲಗಳೆಯಲಾಗದು.

ಹಾಗಾದರೆ ಕೊಳ್ಳಬಯಸುವವನು ಯಾವ ವಿವೇಕದಿಂದ ನಡೆಯಬೇಕು? ಫಿರಂಗಿಗಳ ಸಂಖ್ಯೆಯನ್ನು ನೋಡಿ ಮರುಳಾಗದೆ, ನಕ್ಷೆಯ ಶುದ್ಧಿಯನ್ನೂ ಮರದ ಗುಣವನ್ನೂ ಮೊದಲು ವಿಚಾರಿಸಬೇಕು. ಪ್ರಥಮ ಪ್ರಯತ್ನಕ್ಕೆ ಮೂರಂತಸ್ತಿನ ಯುದ್ಧನೌಕೆಯನ್ನು ತಂದವರಲ್ಲಿ ಹಲವರು ಅದನ್ನು ಅರ್ಧದಲ್ಲಿಯೇ ಅಟ್ಟಕ್ಕೇರಿಸುತ್ತಾರೆ. ಮುಗಿಯದ ಹಡಗಿಗಿಂತ ದುಬಾರಿಯಾದ ಹಡಗು ಬೇರೊಂದಿಲ್ಲ. ಒಂಟಿ ಕೂವೆಯ ಮೀನುದೋಣಿಯನ್ನು ಒಪ್ಪವಾಗಿ ಮುಗಿಸಿದವನಿಗೆ ಹಲಗೆಯನ್ನು ಬಾಗಿಸುವ ಹದವೂ ಗಂಟು ಹಾಕುವ ಸಹನೆಯೂ ಕೈವಶವಾಗುತ್ತವೆ. ಅವು ಯಾವ ಪೆಟ್ಟಿಗೆಯಲ್ಲಿಯೂ ದೊರೆಯತಕ್ಕವಲ್ಲ. ವೀಣೆಯನ್ನು ಕೊಂಡವನು ರಾಗವನ್ನು ಕೊಂಡಂತಾಗದು. ಕಿಟ್ಟಿನ ವಿಷಯದಲ್ಲಿಯೂ ಅಂಗಡಿಯವನಿಗೆ ತೆತ್ತ ಹಣವು ಸಾಧನೆಯ ಅವಕಾಶಕ್ಕೆ ತೆತ್ತ ಕಾಣಿಕೆಯಷ್ಟೇ.

ಈ ಅವಕಾಶದ ಬೆಲೆಯನ್ನು ಹಿಂದಿನವರ ಪಾಡಿನೊಡನೆ ಹೋಲಿಸಿ ನೋಡಿದಾಗ ನಮ್ಮ ಕಾಲದ ಹವ್ಯಾಸಿಯು ನಿಜಕ್ಕೂ ಭಾಗ್ಯಶಾಲಿಯೆಂದು ನನಗೆ ತೋರುತ್ತದೆ. ಹಡಗುಕಟ್ಟೆಯ ಶಿಲ್ಪಿಯು ಒಡೆಯನ ಅಪ್ಪಣೆಗಾಗಿ ಕೆತ್ತಿದನು. ನಾರ್ಮನ್ ಕ್ರಾಸಿನ ಕೈದಿಯು ಹಸಿವಿಗಾಗಿ ಕೆತ್ತಿದನು. ದ್ವೀಪದ ಹೆಂಗಸು ಕೂಲಿಗಾಗಿ ದಾರ ಕಟ್ಟುತ್ತಾಳೆ. ತನ್ನ ಹೊತ್ತನ್ನು ತನ್ನ ಇಚ್ಛೆಯಿಂದಲೇ, ತನಗೆ ಪ್ರಿಯವಾದ ಕೆಲಸಕ್ಕೆ ಒಪ್ಪಿಸುವ ಸ್ವಾತಂತ್ರ್ಯವು ಈ ದೀರ್ಘ ಪರಂಪರೆಯಲ್ಲಿ ಬಹುಮಂದಿಗೆ ಲಭಿಸಲಿಲ್ಲ. ಸಾವಿರ ಗಂಟೆಗಳ ಕಾಲ ಮನಸ್ಸನ್ನು ನಿಲ್ಲಿಸಬಲ್ಲ ಪೆಟ್ಟಿಗೆಗೆ ಸಾವಿರ ಡಾಲರು ಬೆಲೆಯಾದರೆ ಗಂಟೆಗೆ ತಗುಲುವುದು ಒಂದೇ ಡಾಲರು; ಇಷ್ಟು ಸುಲಭದ ಬೆಲೆಗೆ ಇಷ್ಟು ಗಾಢವಾದ ತನ್ಮಯತೆಯನ್ನು ಕೊಡುವ ಪದಾರ್ಥಗಳು ಪೇಟೆಯಲ್ಲಿ ಹೆಚ್ಚಿಲ್ಲ. ಆದಕಾರಣ ಬೆಲೆಯ ಚೀಟಿಯನ್ನು ಓದಿ ಹಿಂಜರಿಯುವವನು ತನ್ನ ಹಣದ ಚೀಲಕ್ಕಿಂತ ಮೊದಲು ತನ್ನ ದಿನಗಳನ್ನು ಪರೀಕ್ಷಿಸಿಕೊಳ್ಳಲಿ. ಅವುಗಳಲ್ಲಿ ಈ ಕೆಲಸಕ್ಕೆ ಎಡೆಯಿದ್ದರೆ ಯೋಗ್ಯವಾದ ಕಿಟ್ಟು ಎಂದೂ ದುಬಾರಿಯಲ್ಲ. ಎಡೆಯಿಲ್ಲದಿದ್ದರೆ ಧರ್ಮಾರ್ಥವಾಗಿ ದೊರೆತರೂ ಅದು ದುಬಾರಿಯೇ.